ಹೊಂಡ ಸಿಕ್ಕಾಗೆಲ್ಲ ಸ್ಟೀರಿಂಗ್ ತಾನಾಗಿ ತಿರುಗುತ್ತೆ, ಏನು ಮಾಡಲಿ?

ಪ್ರಶ್ನೆ: ನಾನು ದಾವಣಗೆರೆಯವನು. 14 ವರ್ಷದಿಂದ ಅಮೆರಿಕದ ಓಹಾಯೋದಲ್ಲಿದ್ದೇನೆ. ನಾಲ್ಕು ಚಳಿಗಾಲ ಮನೆಯ ಗ್ಯಾರೇಜಿನಲ್ಲೇ ಕೆಲಸ ಮಾಡಿ 1930ರ ಫೋರ್ಡ್ ಮಾಡೆಲ್ ಎ ಕೂಪೆಯನ್ನು ಹಾಟ್ ರಾಡ್ (ದೊಡ್ಡ ಎಂಜಿನ್ ಹಾಕಿ ಮಾರ್ಪಡಿಸಿದ ಹಳೇ ಕಾರು) ಮಾಡಿ ನಿಲ್ಲಿಸಿದ್ದೇನೆ. ಒಳಗೆ ಶೆವ್ರೊಲೆ 350 ಎಂಜಿನ್ ಇದೆ. ಮುಂದೆ 4 ಇಂಚು ಇಳಿಸಿದ ಐ-ಬೀಮ್ ಆಕ್ಸಲ್, ಅಡ್ಡ ಪಟ್ಟಿ ಸ್ಪ್ರಿಂಗ್, ಹೇರ್‌ಪಿನ್ ರಾಡ್‌ಗಳು. ಶೆವ್ರೊಲೆ ವೇಗಾದ ಸ್ಟೀರಿಂಗ್ ಬಾಕ್ಸ್ ಹಾಕಿ, ಬಾಕ್ಸಿನಿಂದ ಗಾಲಿಗೆ ಹೋಗುವ ಸಲಾಕೆ, ಅಂದರೆ ಡ್ರ್ಯಾಗ್ ಲಿಂಕನ್ನು, ಎಡದಿಂದ ಬಲಗಾಲಿಗೆ ಅಡ್ಡಲಾಗಿ ಕೊಟ್ಟಿದ್ದೇನೆ. ಓಡಿಸಲು ಶುರು ಮಾಡಿದ ಮೇಲೆ ನೆಮ್ಮದಿ ಹೋಯಿತು. ಸ್ಟೀರಿಂಗನ್ನು 3 ಇಂಚು ಆ ಕಡೆ ಈ ಕಡೆ ಅಲ್ಲಾಡಿಸಿದರೂ ಗಾಡಿಗೆ ಗೊತ್ತೇ ಆಗುವುದಿಲ್ಲ. 50 ಮೈಲಿ ವೇಗ ದಾಟಿದರೆ ನೇರ ರಸ್ತೆಯಲ್ಲೂ ತಿದ್ದುತ್ತಲೇ ಇರಬೇಕು. ಸಣ್ಣ ಹೊಂಡಕ್ಕೂ ಗಾಡಿ ಪಕ್ಕಕ್ಕೆ ಎಗರುತ್ತದೆ, ಸ್ಟೀರಿಂಗ್ ಕೈಯಲ್ಲೇ ತಿರುಗುತ್ತದೆ. ಎರಡು ಸಲ 45ರ ವೇಗದಲ್ಲಿ ಮುಂದಿನ ಗಾಲಿಗಳು ಹುಚ್ಚು ಹಿಡಿದಂತೆ ನಡುಗಿದವು, ಪೂರ್ತಿ ನಿಲ್ಲಿಸಿದ ಮೇಲೇ ಶಾಂತವಾಗಿದ್ದು. ಒಬ್ಬ ಗೆಳೆಯ ಸ್ಟೀರಿಂಗ್ ಡ್ಯಾಂಪರ್ ಹಾಕು ಅನ್ನುತ್ತಾನೆ. ಇನ್ನೊಬ್ಬ ಕ್ಯಾಸ್ಟರ್ ಹೆಚ್ಚಿಸು ಅನ್ನುತ್ತಾನೆ. ಮೂರನೆಯವನು ಎಲ್ಲ ಕಿತ್ತು ಈಗಿನ ಕಾರುಗಳಲ್ಲಿರುವ ರ್‍ಯಾಕ್ ಅಂಡ್ ಪಿನಿಯನ್ ಹಾಕು ಅನ್ನುತ್ತಾನೆ. ಹಳೇ ಗಾಡಿ ಓಡೋದೇ ಹೀಗೆ ಅನ್ನುವವರೂ ಇದ್ದಾರೆ. ಕ್ಯಾಸ್ಟರ್ ಈಗ ಅಳೆದರೆ 3 ಡಿಗ್ರಿ ಇದೆ, ಕಟ್ಟುವಾಗ 5 ಇಟ್ಟಿದ್ದೆ. ಎರಡು ಗಾಲಿಗಳನ್ನು ಜೋಡಿಸುವ ಟೈ ರಾಡ್ ಆಕ್ಸಲ್ ಹಿಂದೆಯೇ ಇದೆ. ಪಿಟ್‌ಮನ್ ಆರ್ಮ್ (ಸ್ಟೀರಿಂಗ್ ಬಾಕ್ಸಿನ ತಿರುವನ್ನು ಡ್ರ್ಯಾಗ್ ಲಿಂಕಿಗೆ ಕೊಡುವ ತೋಳು) ಉದ್ದ ಸಾಲದೆ ಕತ್ತರಿಸಿ, ನಡುವೆ ತುಂಡು ಸೇರಿಸಿ ವೆಲ್ಡ್ ಮಾಡಿಸಿದ್ದೇನೆ. ಹೆಂಡತಿ ಒಂದೇ ಸಲ ಕೂತಿದ್ದು, ಮತ್ತೆ ಹತ್ತಲು ಒಪ್ಪುತ್ತಿಲ್ಲ. ಎಲ್ಲಿಂದ ಶುರು ಮಾಡಲಿ?

ಉತ್ತರ: ನಿಮ್ಮ ಪತ್ರದ ಕೊನೇ ಸಾಲುಗಳಿಂದಲೇ ಶುರು ಮಾಡುತ್ತೇನೆ. ಆ ವೆಲ್ಡ್ ಮಾಡಿದ ಪಿಟ್‌ಮನ್ ಆರ್ಮ್ ಇರುವವರೆಗೆ ಗಾಡಿಯನ್ನು ಮನೆಯ ಅಂಗಳದಿಂದ ಆಚೆ ತೆಗೆಯಬೇಡಿ. ಉಳಿದ ತೊಂದರೆಗಳೆಲ್ಲ ಮೊದಲೇ ಮುನ್ಸೂಚನೆ ಕೊಡುವಂಥವು. ಅಲ್ಲಾಡುತ್ತದೆ, ಎಳೆಯುತ್ತದೆ, ನಡುಗುತ್ತದೆ, ನಿಮಗೆ ತಿಳಿಯುತ್ತದೆ. ಪಿಟ್‌ಮನ್ ಆರ್ಮ್ ಮುರಿಯುವಾಗ ಏನನ್ನೂ ತಿಳಿಸುವುದಿಲ್ಲ. ಅದು ಕಾಯಿಸಿ ಬಡಿದು ಮಾಡಿದ, ಹದ ಕೊಟ್ಟ ಉಕ್ಕು. ವೆಲ್ಡಿಂಗ್ ಶಾಖಕ್ಕೆ ಬೆಸುಗೆಯ ಪಕ್ಕದ ಕಾಲಿಂಚು ಜಾಗದ ಹದ ಕೆಟ್ಟು ಗಾಜಿನಂತೆ ಪೆಡಸಾಗುತ್ತದೆ. ಬೆಸುಗೆ ಗಟ್ಟಿಯಾಗಿಯೇ ಇರುತ್ತದೆ, ಪಕ್ಕದ ಲೋಹ ಬಿರುಕು ಬಿಡುತ್ತದೆ. ವೆಲ್ಡ್ ಮಾಡಿದವರು ಎಷ್ಟೇ ನುರಿತವರಾಗಿರಲಿ, ರಸ್ತೆಗಿಳಿಯುವ ಗಾಡಿಯ ಪಿಟ್‌ಮನ್ ಆರ್ಮಿಗೆ ನಾನು ಬೆಸುಗೆ ಒಪ್ಪುವುದಿಲ್ಲ. ವೇಗಾ ಬಾಕ್ಸಿಗೆ ಹಾಟ್ ರಾಡ್‌ಗೆಂದೇ ಮಾಡಿದ ಹೊಸ ಆರ್ಮ್‌ಗಳು ಬೇರೆ ಬೇರೆ ಉದ್ದದಲ್ಲಿ ಸಿಗುತ್ತವೆ. ಒಂದನ್ನು ತರಿಸಿ. ಹಳೆಯದನ್ನು ಕತ್ತರಿಸಿ ಗುಜರಿಗೆ ಹಾಕಿ, ಇನ್ನೊಬ್ಬರ ಕೈಗೆ ಹೋಗದ ಹಾಗೆ.

ಈಗ ನಿಮ್ಮ ದೂರುಗಳಿಗೆ ಬರೋಣ. ಸ್ಟೀರಿಂಗಿನಲ್ಲಿ ಪ್ಲೇ (ಖಾಲಿ ಆಟ) ಇದೆ, ನೇರ ನಡೆಯುವುದಿಲ್ಲ, ಹೊಂಡಕ್ಕೆ ತಾನಾಗಿ ತಿರುಗುತ್ತದೆ, ಗಾಲಿ ನಡುಗುತ್ತದೆ. ನಾಲ್ಕೂ ಒಂದೇ ರೋಗ ಎಂದುಕೊಂಡು ಗೆಳೆಯರು ಒಂದೊಂದು ಔಷಧಿ ಹೇಳಿದ್ದಾರೆ. ಪತ್ರ ಓದಿದಾಗ ನನಗೆ ಕಂಡಿದ್ದು ಬೇರೆ. ಮೊದಲ ಮೂರಕ್ಕೆ ಬಹುಪಾಲು ಒಂದೇ ಕಾರಣ, ನಡುಕಕ್ಕೆ ಬೇರೆ ಕಾರಣ. ಆ ಒಂದು ಕಾರಣ ನಿಮ್ಮ ಗಾಡಿಯಲ್ಲಿ ಹಾಕಿರುವ ಯಾವ ಭಾಗದಲ್ಲೂ ಇಲ್ಲ, ಹಾಕದೇ ಬಿಟ್ಟ ಒಂದು ಭಾಗದಲ್ಲಿದೆ. ಅಷ್ಟು ವಿವರವಾದ ಪಟ್ಟಿಯಲ್ಲಿ ಪ್ಯಾನ್‌ಹಾರ್ಡ್ ಬಾರ್ ಎಂಬ ಹೆಸರೇ ಬರಲಿಲ್ಲ.

ನನ್ನ ಮಾತನ್ನು ನಂಬಬೇಡಿ, ನಿಮ್ಮ ಕಣ್ಣಿನಿಂದಲೇ ನೋಡಿ. ಗಾಡಿಯನ್ನು ಸಿಮೆಂಟ್ ನೆಲದ ಮೇಲೆ ನಾಲ್ಕೂ ಗಾಲಿ ಊರಿ ನಿಲ್ಲಿಸಿ. ಜಾಕ್ ಹಚ್ಚಬೇಡಿ, ಭಾರ ಗಾಲಿಯ ಮೇಲೇ ಇರಬೇಕು. ಎಂಜಿನ್ ಬಂದ್ ಮಾಡಿ, ಹಿಂದಿನ ಗಾಲಿಗಳಿಗೆ ಅಡೆ ಕೊಡಿ. ಒಬ್ಬರನ್ನು ಒಳಗೆ ಕೂರಿಸಿ, ನೀವು ಮುಂದೆ ನೆಲಕ್ಕೆ ಮಲಗಿ. ಒಳಗಿದ್ದವರು ಸ್ಟೀರಿಂಗನ್ನು ಒಂದು ಗೇಣು ಎಡಕ್ಕೆ, ಒಂದು ಗೇಣು ಬಲಕ್ಕೆ, ನಿಧಾನವಾಗಿ, ಬಿಡದೆ ಆಡಿಸುತ್ತಿರಲಿ. ನಿಮ್ಮ ಕಣ್ಣು ಮೊದಲು ಗಾಲಿಯ ಮೇಲೆ ಹೋಗುತ್ತದೆ, ಅದು ಬೇಡ. ಮುಂದಿನ ಅಡ್ಡಪಟ್ಟಿ ಸ್ಪ್ರಿಂಗಿನ ಎರಡು ತುದಿಯನ್ನು ಆಕ್ಸಲ್‌ಗೆ ಸೇರಿಸುವ ಕೊಂಡಿಗಳಾದ ಶ್ಯಾಕಲ್‌ಗಳನ್ನು ನೋಡಿ. ಸ್ಟೀರಿಂಗ್ ತಿರುಗಿದ ಕೂಡಲೇ ಶ್ಯಾಕಲ್ ಎರಡೂ ಒಟ್ಟಿಗೆ ಒಂದೇ ಕಡೆ ವಾಲುತ್ತವೆ. ರೇಡಿಯೇಟರ್, ಚಾಸಿ, ಇಡೀ ಮೂತಿ ಪಕ್ಕಕ್ಕೆ ಜರುಗುತ್ತದೆ. ಗಾಲಿ ಇನ್ನೂ ಅಲ್ಲಾಡಿಯೇ ಇರುವುದಿಲ್ಲ. ಚಾಸಿ ಅಷ್ಟು ದೂರ ಜರುಗಿ ನಿಂತ ಮೇಲೇ ಗಾಲಿ ತಿರುಗುವುದು. ಆಕ್ಸಲ್‌ಗೂ ಚಾಸಿಗೂ ಒಂದೊಂದು ಸೀಮೆಸುಣ್ಣದ ಗೀಟು ಹಾಕಿ, ಎಷ್ಟು ಜರುಗಿತು ಎಂದು ಅಳೆಯಿರಿ. ಅರ್ಧ ಇಂಚು, ಮುಕ್ಕಾಲು ಇಂಚು ಬಂದರೆ ನಿಮ್ಮ ಕೈಗೆ ಸಿಗುತ್ತಿರುವ 3 ಇಂಚಿನ ಪ್ಲೇ ಹೆಚ್ಚುಪಾಲು ಅಲ್ಲಿಂದಲೇ ಬಂದಿದೆ. ಸ್ಟೀರಿಂಗ್ ಬಾಕ್ಸಿನಿಂದಲ್ಲ.

ಯಾಕೆ ಹೀಗೆ ಎಂದು ಸ್ವಲ್ಪ ಬಿಡಿಸಿ ಹೇಳುತ್ತೇನೆ. ಈ ಗಾಡಿಯ ಮುಂಭಾಗ ಒಂದು ಜೋಕಾಲಿ. ಸ್ಪ್ರಿಂಗಿನ ನಡುಭಾಗವನ್ನು ಚಾಸಿಗೆ ಬಿಗಿದಿದೆ, ಎರಡು ತುದಿಗಳು ಶ್ಯಾಕಲ್ ಮೂಲಕ ಆಕ್ಸಲ್‌ಗೆ ಸೇರಿವೆ. ಭಾರ ಬಿದ್ದಾಗ ಸ್ಪ್ರಿಂಗ್ ಉದ್ದವಾಗಬೇಕಲ್ಲ, ಅದಕ್ಕೇ ಶ್ಯಾಕಲ್ ಬೇಕು. ಆದರೆ ಅದೇ ಶ್ಯಾಕಲ್ ಮೇಲೆ ಇಡೀ ಮುಂಭಾಗ ಎಡಬಲಕ್ಕೂ ತೂಗುತ್ತದೆ. ಹೇರ್‌ಪಿನ್ ರಾಡ್‌ಗಳು ಆಕ್ಸಲ್ ಹಿಂದೆ ಮುಂದೆ ಹೋಗದಂತೆ ಹಿಡಿಯುತ್ತವೆಯೇ ಹೊರತು ಪಕ್ಕಕ್ಕೆ ಅಲ್ಲ.

ಹೆನ್ರಿ ಫೋರ್ಡ್ ಕಂಪನಿಯ ಮಾಡೆಲ್ ಎ ಹೊರಬಂದಾಗಲೂ ಈ ಜೋಕಾಲಿ ಇತ್ತು. ಆಗ ಸ್ಟೀರಿಂಗ್ ಏಕೆ ಕೆಡಲಿಲ್ಲ? ಆಗ ಡ್ರ್ಯಾಗ್ ಲಿಂಕ್ ಅಡ್ಡಲಾಗಿ ಇರಲಿಲ್ಲ. ಬಾಕ್ಸಿನಿಂದ ಮುಂದಕ್ಕೆ, ಚಾಸಿಯ ಎಡಮಗ್ಗುಲಲ್ಲಿ ಉದ್ದಕ್ಕೆ ಹೋಗಿ ಎಡಗಾಲಿಗೆ ಸೇರುತ್ತಿತ್ತು. ಚಾಸಿ ಪಕ್ಕಕ್ಕೆ ಅರ್ಧ ಇಂಚು ತೂಗಿದರೂ ಉದ್ದಕ್ಕಿರುವ ಲಿಂಕ್ ಸ್ವಲ್ಪ ಓರೆಯಾಗುತ್ತಿತ್ತು ಅಷ್ಟೇ, ಗಾಲಿ ತಿರುಗುತ್ತಿರಲಿಲ್ಲ. ಮೇಲಾಗಿ ಅದರ ಎಂಜಿನ್ 40 ಅಶ್ವಶಕ್ತಿಯದು, ಓಡುತ್ತಿದ್ದ ರಸ್ತೆಗಳೂ ಬೇರೆ. ನೀವು 1970ರ ದಶಕದ ವೇಗಾ ಬಾಕ್ಸ್ ತಂದಿರಿ. ಒಳ್ಳೆಯ ಬಾಕ್ಸ್, ಪುಟ್ಟದು, ಎಂಜಿನ್ ಪಕ್ಕದಲ್ಲಿ ಸಲೀಸಾಗಿ ಕೂರುತ್ತದೆ. ಅದಕ್ಕೇ ಹಾಟ್ ರಾಡ್ ಕಟ್ಟುವವರಿಗೆ ಪ್ರಿಯ. ಆದರೆ ಅದರ ಜೊತೆ ಲಿಂಕ್ ಅಡ್ಡವಾಯಿತು. ಬಾಕ್ಸ್ ಚಾಸಿಯಲ್ಲಿದೆ, ಲಿಂಕಿನ ಇನ್ನೊಂದು ತುದಿ ಬಲಗಾಲಿಯಲ್ಲಿದೆ. ಚಾಸಿ ಪಕ್ಕಕ್ಕೆ ಜರುಗಿದರೆ ಲಿಂಕ್ ಗಾಲಿಯನ್ನು ತಳ್ಳುತ್ತದೆ ಇಲ್ಲವೇ ಎಳೆಯುತ್ತದೆ. ಹೊಂಡಕ್ಕೆ ಇಳಿದಾಗ, ಪಕ್ಕಗಾಳಿ ಬೀಸಿದಾಗ, ದೊಡ್ಡ ಟ್ರಕ್ ದಾಟಿ ಹೋದಾಗ ಚಾಸಿ ತೂಗುತ್ತದೆ. ಪ್ರತಿ ತೂಗಿಗೂ ಗಾಡಿ ತನ್ನನ್ನು ತಾನೇ ತಿರುಗಿಸಿಕೊಳ್ಳುತ್ತದೆ. ನೀವು ತಿದ್ದುತ್ತೀರಿ. ತಿದ್ದುವಾಗ ಮೊದಲು ಜರುಗುವುದು ಮತ್ತೆ ಚಾಸಿಯೇ. ಹಾಗಾಗಿ ನೇರ ರಸ್ತೆಯಲ್ಲೂ ನಿಮ್ಮ ಕೈಗೆ ಬಿಡುವಿಲ್ಲ.

ಇದನ್ನು ತಡೆಯುವ ಸಲಾಕೆಯೇ ಪ್ಯಾನ್‌ಹಾರ್ಡ್ ಬಾರ್. ಹೆಸರು ಫ್ರಾನ್ಸಿನ ಹಳೆಯ ಪ್ಯಾನ್‌ಹಾರ್ಡ್ ಕಾರ್ ಕಂಪನಿಯಿಂದ ಬಂದಿದ್ದು. ಒಂದು ತುದಿ ಚಾಸಿಗೆ, ಇನ್ನೊಂದು ಆಕ್ಸಲ್‌ಗೆ. ಆಕ್ಸಲ್ ಮೇಲೆ ಕೆಳಗೆ ಆಡಲು ಬಿಡುತ್ತದೆ, ಪಕ್ಕಕ್ಕೆ ಬಿಡುವುದಿಲ್ಲ. ಆದರೆ ಎಲ್ಲಿ ಬೇಕಾದರೂ ಒಂದು ಸಲಾಕೆ ಕಟ್ಟಿದರೆ ಸಾಲದು. ಇಲ್ಲೇ ಬಹಳ ಜನ ಎಡವುವುದು. ಬಾರ್‌ನ ಚಾಸಿ ಕಡೆಯ ತುದಿ ಸ್ಟೀರಿಂಗ್ ಬಾಕ್ಸ್ ಇರುವ ಪಕ್ಕದಲ್ಲೇ, ಅಂದರೆ ನಿಮ್ಮ ಗಾಡಿಯಲ್ಲಿ ಎಡಕ್ಕೆ ಇರಬೇಕು. ಆಕ್ಸಲ್ ಕಡೆಯ ತುದಿ ಬಲಕ್ಕೆ. ಡ್ರ್ಯಾಗ್ ಲಿಂಕ್ ಹೇಗೆ ಓಡುತ್ತದೋ ಹಾಗೇ, ಅದಕ್ಕೆ ಸಮಾನಾಂತರವಾಗಿ, ಸಾಧ್ಯವಾದಷ್ಟು ಅದರಷ್ಟೇ ಉದ್ದವಾಗಿ ಇರಬೇಕು. ಆಗ ಗಾಡಿ ಕುಪ್ಪಳಿಸಿದಾಗ ಎರಡರ ತುದಿಗಳೂ ಒಂದೇ ಬಗೆಯ ಕಂಸದಲ್ಲಿ ಚಲಿಸುತ್ತವೆ, ಒಂದು ಇನ್ನೊಂದನ್ನು ಎಳೆಯುವುದಿಲ್ಲ. ಬಾರನ್ನು ತಿರುಗುಮುರುಗಾಗಿ ಕಟ್ಟಿದರೆ ಎರಡೂ ವಿರುದ್ಧ ದಿಕ್ಕಿಗೆ ಎಳೆದು, ಹೊಂಡದಲ್ಲಿ ಈಗಿನದಕ್ಕಿಂತ ಕೆಟ್ಟದಾಗುತ್ತದೆ.

ಮಟ್ಟ ಎಷ್ಟು ಮುಖ್ಯ ಎಂಬುದಕ್ಕೆ ಒಂದು ಲೆಕ್ಕ ಕೊಡುತ್ತೇನೆ. 24 ಇಂಚಿನ ಬಾರ್ ಗಾಡಿ ನಿಂತಾಗ ನೆಲಕ್ಕೆ ಸಮವಾಗಿದ್ದರೆ, ಆಕ್ಸಲ್ 2 ಇಂಚು ಆಡಿದಾಗ ಪಕ್ಕಕ್ಕೆ ಜರುಗುವುದು ಇಂಚಿನ ಹತ್ತನೇ ಒಂದು ಭಾಗಕ್ಕಿಂತ ಕಡಿಮೆ. ಅದೇ ಬಾರ್ 10 ಡಿಗ್ರಿ ಓರೆ ನಿಂತಿದ್ದು, ಓರೆ ಹೆಚ್ಚುವ ಕಡೆಗೆ ಅಷ್ಟೇ ಆಡಿದರೆ ಜರುಗುವುದು ಅರ್ಧ ಇಂಚಿನ ಹತ್ತಿರ. ಆದ್ದರಿಂದ ಎಂಜಿನ್, ಪೆಟ್ರೋಲು, ಕೂರುವವರ ಭಾರ ಎಲ್ಲ ಇದ್ದಾಗಲೇ ಬ್ರ್ಯಾಕೆಟ್ಟುಗಳ ಜಾಗ ಗುರುತು ಮಾಡಿ. ಚಾಸಿಯನ್ನು ಸ್ಟ್ಯಾಂಡಿನ ಮೇಲೆ ಎತ್ತಿಟ್ಟು ಗುರುತು ಹಾಕಬೇಡಿ. ಬ್ರ್ಯಾಕೆಟ್ ಗಿಡ್ಡವಾಗಿರಲಿ. ಉದ್ದನೆಯ ಕಾಲಿನ ಬ್ರ್ಯಾಕೆಟ್ ಬಾಗುತ್ತದೆ, ಬಾಗಿದರೆ ಬಾರ್ ಇದ್ದೂ ಇಲ್ಲದ ಹಾಗೆ.

ಈಗ ಗೆಳೆಯರ ಸಲಹೆಗಳು. ಡ್ಯಾಂಪರ್ ವಿಚಾರದಲ್ಲಿ ನನಗೆ ಗಟ್ಟಿ ಅಭಿಪ್ರಾಯವಿದೆ. ಡ್ಯಾಂಪರ್ ಕೆಟ್ಟ ವಸ್ತುವಲ್ಲ. ಎಲ್ಲ ಸರಿಯಿರುವ ಗಾಡಿಯಲ್ಲಿ ರಸ್ತೆಯ ಪೆಟ್ಟು ಕೈಗೆ ಬರದಂತೆ ತಡೆಯುತ್ತದೆ. ಆದರೆ ಸವೆದ ಕಿಂಗ್‌ಪಿನ್ (ಗಾಲಿ ಎಡಬಲಕ್ಕೆ ತಿರುಗುವ ಕೀಲಿನ ಗೂಟ) ಇರುವ ಗಾಡಿಗೆ ಅದನ್ನು ಹಾಕುವುದೆಂದರೆ ಜ್ವರ ಬಂದ ಮಗುವಿಗೆ ತಣ್ಣೀರು ಬಟ್ಟೆ ಹಾಕಿ ಡಾಕ್ಟರ ಹತ್ತಿರ ಹೋಗದೇ ಇರುವಂತೆ. ಕೆಲ ತಿಂಗಳು ನಡುಕ ಕಾಣುವುದಿಲ್ಲ, ಒಳಗಿನ ಸವೆತ ಮುಂದುವರಿಯುತ್ತದೆ. ಡ್ಯಾಂಪರಿನ ಎಣ್ಣೆ ಸೋರಿ ಹೋದ ದಿನ ನಡುಕ ಮೊದಲಿಗಿಂತ ಜೋರಾಗಿ ಬರುತ್ತದೆ, ಆಗ ನೀವು 65 ಮೈಲಿ ವೇಗದಲ್ಲಿರುತ್ತೀರಿ. ತಂದಿಟ್ಟಿದ್ದರೆ ಇರಲಿ, ಎಲ್ಲ ಮುಗಿದ ಮೇಲೆ ನೋಡೋಣ.

ಕ್ಯಾಸ್ಟರ್ ಹೇಳಿದ ಗೆಳೆಯನದು ಅರ್ಧ ನಿಜ. ಕಿಂಗ್‌ಪಿನ್‌ನ ಮೇಲ್ತುದಿ ಹಿಂದಕ್ಕೆ ವಾಲಿರುವ ಕೋನ ಅದು. ಅದು ಇದ್ದರೇ ಗಾಲಿ ತಾನಾಗಿ ನೇರಕ್ಕೆ ಮರಳುವುದು, ಸೈಕಲ್ಲಿನ ಮುಂದಿನ ಕವಲು ಓರೆ ಇರುವುದೂ ಇದಕ್ಕೇ. ಇಂಥ ಆಕ್ಸಲ್‌ಗೆ 5ರಿಂದ 7 ಡಿಗ್ರಿ ಚೆನ್ನಾಗಿ ಹೊಂದುತ್ತದೆ. 3 ಕಡಿಮೆಯೇ. ಕಟ್ಟುವಾಗ 5 ಇದ್ದದ್ದು 3 ಹೇಗಾಯಿತು ಎಂದು ನೀವು ತಲೆ ಕೆಡಿಸಿಕೊಂಡಿರಬಹುದು. ಏನೂ ಸಡಿಲವಾಗಿಲ್ಲ, ಗಾಡಿಯೇ ಮುಂದಕ್ಕೆ ಬಾಗಿದೆ. ಅಂದು ಚಾಸಿ ಮಟ್ಟದ ಮೇಜಿನ ಮೇಲಿದ್ದಿರಬೇಕು. ಆಮೇಲೆ ಹಿಂದೆ ದೊಡ್ಡ ಟಯರ್ ಹಾಕಿರುತ್ತೀರಿ, ಮುಂದೆ ಸಣ್ಣದು, ಹಾಟ್ ರಾಡಿನ ಚೆಂದವೇ ಆ ಬಾಗು. ಮಾಡೆಲ್ ಎ ಯ ಎರಡು ಆಕ್ಸಲ್ ನಡುವಿನ ದೂರ 103.5 ಇಂಚು. ಚಾಸಿಯ ಹಿಂಭಾಗ ಮುಂಭಾಗಕ್ಕಿಂತ 3.5 ಇಂಚು ಎತ್ತರ ನಿಂತರೆ ಸುಮಾರು 2 ಡಿಗ್ರಿ ಬಾಗು. ಆ 2 ಡಿಗ್ರಿ ನೇರವಾಗಿ ಕ್ಯಾಸ್ಟರಿನಿಂದ ಕಳೆಯುತ್ತದೆ. ಚಾಸಿಯ ಮೇಲೆ ಮಟ್ಟದ ಮಾಪಕ ಇಟ್ಟು ನೋಡಿ, ಲೆಕ್ಕ ಕೂಡಿ ಬರುತ್ತದೆ.

6 ಅಥವಾ 6.5ಕ್ಕೆ ಏರಿಸಿ. ಹೇರ್‌ಪಿನ್‌ನ ಮೇಲಿನ ಕೈಯನ್ನು ಸ್ವಲ್ಪ ಗಿಡ್ಡ ಮಾಡಿ, ಕೆಳಗಿನದನ್ನು ಉದ್ದ ಮಾಡಿ. ಎಡಬಲ ಎರಡೂ ಒಂದೇ ಅಳತೆ ಇರಲಿ, ಇಲ್ಲದಿದ್ದರೆ ಆಕ್ಸಲ್ ತಿರುಚಿಕೊಳ್ಳುತ್ತದೆ. ಎಷ್ಟೇ ಉದ್ದ ಮಾಡಿದರೂ ಬೋಲ್ಟಿನ ದಪ್ಪದ ಒಂದೂವರೆ ಪಟ್ಟು ಮರೆ (ಥ್ರೆಡ್) ಒಳಗೆ ಉಳಿದಿರಬೇಕು. ಆಕ್ಸಲ್ ತಿರುಗಿದ ಮೇಲೆ ಶ್ಯಾಕಲ್ ಓರೆಯಾಗಿ ಹಿಡಿದುಕೊಂಡರೆ, ಸ್ಪ್ರಿಂಗ್ ಮತ್ತು ಚಾಸಿಯ ಅಡ್ಡತೊಲೆಯ ನಡುವೆ ಅಷ್ಟೇ ಡಿಗ್ರಿಯ ಬೆಣೆ ಕೊಡಬೇಕಾಗುತ್ತದೆ. ಇದನ್ನು ಬಿಟ್ಟುಬಿಟ್ಟು ಸ್ಪ್ರಿಂಗ್ ಮರದ ಹಲಗೆಯಂತಾಯಿತು ಎಂದು ಗೊಣಗುವವರನ್ನು ಕಂಡಿದ್ದೇನೆ. ಇನ್ನೂ ಹೆಚ್ಚಿದರೆ ಇನ್ನೂ ಒಳ್ಳೆಯದು ಅಂದುಕೊಂಡು 9, 10ಕ್ಕೆ ಹೋಗಬೇಡಿ. ಸ್ಟೀರಿಂಗ್ ಭಾರವಾಗುತ್ತದೆ, ಮುಖ್ಯವಾಗಿ ನಡುಕಕ್ಕೆ ಆಹ್ವಾನ ಕೊಟ್ಟಂತಾಗುತ್ತದೆ. ಚಾಸಿ ತೂಗುತ್ತಲೇ ಇದ್ದರೆ 7 ಡಿಗ್ರಿ ಕೊಟ್ಟರೂ ಹೊಂಡದಲ್ಲಿ ಎಗರುವುದು ನಿಲ್ಲುವುದಿಲ್ಲ, ಅದಕ್ಕೇ ಅರ್ಧ ನಿಜ ಅಂದೆ.

ಹಳೇ ಗಾಡಿ ಓಡೋದೇ ಹೀಗೆ ಎಂಬ ಮಾತು ನನಗೆ ಬಹಳ ಬೇಸರ ತರಿಸುತ್ತದೆ. ನಾನು ಕೆಲಸ ಕಲಿತದ್ದು ಮೂಡಿಗೆರೆ ಕಡೆಯ ಒಂದು ಜೀಪ್ ಗ್ಯಾರೇಜಿನಲ್ಲಿ. ಕಾಫಿ ತೋಟದ ಜೀಪುಗಳು, ನಿಮ್ಮ ಗಾಡಿಯಂತೆಯೇ ಮುಂದೆ ಗಟ್ಟಿ ಆಕ್ಸಲ್. ನಡುವೆ ಬೆಲ್ ಕ್ರ್ಯಾಂಕ್ ಎಂಬ ತಿರುಗುಗೂಟ, ಅದರ ಬುಷ್ ಸವೆದರೆ ಸ್ಟೀರಿಂಗ್ ಕಾಲು ಸುತ್ತು ಖಾಲಿ ಓಡುತ್ತಿತ್ತು. ಜೀಪ್ ಅಂದ್ರೆ ಹಂಗೇ ಕಣಯ್ಯ ಎಂದು ಡ್ರೈವರುಗಳು ವರ್ಷಗಟ್ಟಲೆ ಹಾಗೇ ಓಡಿಸುತ್ತಿದ್ದರು. ನಮ್ಮ ಮೇಸ್ತ್ರಿ ನನ್ನನ್ನು ಕೆಳಗೆ ಮಲಗಿಸಿ, ತಾವು ಸ್ಟೀರಿಂಗ್ ಆಡಿಸುತ್ತ, ಪ್ರತಿ ಕೀಲಿನ ಮೇಲೂ ಎರಡು ಬೆರಳು ಇಡಿಸುತ್ತಿದ್ದರು. ಒಂದು ಬೆರಳು ಕೀಲಿನ ಈ ಕಡೆ, ಒಂದು ಆ ಕಡೆ. ಕಣ್ಣಿಗೆ ಕಾಣದ ಸವೆತ ಬೆರಳಿಗೆ ಟಕ್ ಎಂದು ತಾಗುತ್ತಿತ್ತು. ಬುಷ್ ಬದಲಿಸಿ ಕೊಟ್ಟ ಜೀಪು ಘಾಟಿಯಲ್ಲಿ ಎರಡು ಬೆರಳಿಗೆ ತಿರುಗುತ್ತಿತ್ತು. ಡೆಟ್ರಾಯಿಟ್ ಸುತ್ತಮುತ್ತ ಇಷ್ಟು ವರ್ಷ ಚಾಸಿ ಕೆಲಸ ಮಾಡಿದ ಮೇಲೂ ನನ್ನ ಮೊದಲ ಪರೀಕ್ಷೆ ಅದೇ ಎರಡು ಬೆರಳಿನದು. ಸರಿಯಾಗಿ ಕೂಡಿಸಿದ ಮಾಡೆಲ್ ಎ ಹಾಟ್ ರಾಡ್ 65 ಮೈಲಿ ವೇಗದಲ್ಲಿ ಸಡಿಲ ಕೈಯಲ್ಲಿ ನೇರ ಹೋಗುತ್ತದೆ. ನಿಮ್ಮದೂ ಹೋಗಬೇಕು.

ನಡುಕದ ಕಾರಣವನ್ನು ಆ ಬೆರಳುಗಳಿಂದಲೇ ಹುಡುಕಿ. ಆಕ್ಸಲ್ ಕೆಳಗೆ ಜಾಕ್ ಕೊಟ್ಟು ಗಾಲಿ ಎತ್ತಿ. ಟಯರನ್ನು ಮೇಲೆ ಒಂದು ಕೈ, ಕೆಳಗೆ ಒಂದು ಕೈ ಹಿಡಿದು ಒಳಕ್ಕೆ ಹೊರಕ್ಕೆ ಅಲ್ಲಾಡಿಸಿ. ಕಟಕಟ ಅಂದರೆ, ಇನ್ನೊಬ್ಬರಿಗೆ ಬ್ರೇಕ್ ಒತ್ತಿ ಹಿಡಿಯಲು ಹೇಳಿ ಮತ್ತೆ ಅಲ್ಲಾಡಿಸಿ. ಬ್ರೇಕ್ ಒತ್ತಿದಾಗ ಆಟ ಮಾಯವಾದರೆ ಗಾಲಿಯ ಬೇರಿಂಗ್ ಸಡಿಲ, ಬಿಗಿ ಮಾಡಿದರೆ ಸಾಕು. ಬ್ರೇಕ್ ಒತ್ತಿದರೂ ಆಟ ಉಳಿದರೆ ಕಿಂಗ್‌ಪಿನ್ ಬುಷ್ ಹೋಗಿದೆ, ಇಲ್ಲವೇ ಆಕ್ಸಲ್‌ನ ತೂತೇ ಅಗಲವಾಗಿದೆ. ಹಳೆಯ ಆಕ್ಸಲ್ ಆಗಿದ್ದರೆ ಈ ಎರಡನೆಯದನ್ನು ಮರೆಯಬೇಡಿ, ಹೊಸ ಕಿಂಗ್‌ಪಿನ್ ಹಾಕಿದರೂ ಅಗಲವಾದ ತೂತಿನಲ್ಲಿ ಅದು ಅಲ್ಲಾಡುತ್ತದೆ.

ಆಮೇಲೆ ಟೋ, ಅಂದರೆ ಮುಂದಿನ ಗಾಲಿಗಳು ಒಳಕ್ಕೋ ಹೊರಕ್ಕೋ ತಿರುಗಿರುವ ಅಳತೆ, ನೋಡಿ. ಗಾಲಿ ಎತ್ತಿ ತಿರುಗಿಸುತ್ತ ಟಯರಿನ ನಡುವೆ ಮೊಳೆಯಿಂದ ತೆಳು ಗೀಟು ಎಳೆಯಿರಿ. ಗಾಡಿ ಇಳಿಸಿ, ಸ್ವಲ್ಪ ಹಿಂದೆ ಮುಂದೆ ಉರುಳಿಸಿ, ಆ ಗೀಟುಗಳ ನಡುವಿನ ದೂರವನ್ನು ಟಯರಿನ ಮುಂದೆ ಒಮ್ಮೆ, ಹಿಂದೆ ಒಮ್ಮೆ ಒಂದೇ ಎತ್ತರದಲ್ಲಿ ಅಳೆಯಿರಿ. ಮುಂದಿನ ಅಳತೆ ಹಿಂದಿನದಕ್ಕಿಂತ ಇಂಚಿನ 16ನೇ ಒಂದರಿಂದ 8ನೇ ಒಂದು ಭಾಗದಷ್ಟು ಕಡಿಮೆ ಇರಬೇಕು. ಮುಂದೆ ಹೆಚ್ಚಿದ್ದರೆ, ಅಂದರೆ ಗಾಲಿಗಳು ಹೊರಕ್ಕೆ ನೋಡುತ್ತಿದ್ದರೆ, ನಡುಕಕ್ಕೆ ಅದೊಂದೇ ಸಾಕು. ಟಯರ್ ಬ್ಯಾಲೆನ್ಸ್ ಮಾಡಿಸಿ, ಗುಂಡಗಿದೆಯೇ ಎಂದೂ ನೋಡಿಸಿ. ಹಳೇ ನೋಟಕ್ಕಾಗಿ ಬಯಾಸ್ ಟಯರ್ (ನೂಲು ಓರೆಯಾಗಿ ಹೆಣೆದ ಹಳೇ ಬಗೆ) ಹಾಕಿದ್ದರೆ ಅದು ರಸ್ತೆಯ ಗೀರುಗಳ ಹಿಂದೆಯೇ ಓಡುತ್ತದೆ, ಅದು ಟಯರಿನ ಗುಣ. ಪರೀಕ್ಷೆಗೆ ಯಾರದಾದರೂ ರೇಡಿಯಲ್ ಗಾಲಿಗಳನ್ನು ಎರವಲು ತಂದು ಹಾಕಿ ನೋಡಿದರೆ ವ್ಯತ್ಯಾಸ ಗೊತ್ತಾಗುತ್ತದೆ.

ಬಾಕ್ಸಿನ ಸರದಿ ಇದಾದ ಮೇಲೆ. ಎಲ್ಲರೂ ಮೊದಲು ಮಾಡುವುದು ಬಾಕ್ಸಿನ ಮೇಲಿನ ಸ್ಕ್ರೂ ತಿರುಗಿಸುವುದು, ಬಾಕ್ಸ್ ಹಾಳು ಮಾಡುವುದೂ ಹಾಗೆಯೇ. ಈ ಬಾಕ್ಸಿನ ಹಲ್ಲುಗಳನ್ನು ನಡುವಿನಲ್ಲಿ ಬಿಗಿಯಾಗಿ, ಎರಡೂ ಕೊನೆಗಳಲ್ಲಿ ಸಡಿಲವಾಗಿ ಕಡೆದಿರುತ್ತಾರೆ. ಗಾಡಿ ನೇರ ಹೋಗುವಾಗ ಬಾಕ್ಸ್ ತನ್ನ ನಟ್ಟನಡುವಿನಲ್ಲಿರಬೇಕು. ಮನೆಯಲ್ಲಿ ಕಟ್ಟಿದ ಎಷ್ಟೋ ಗಾಡಿಗಳಲ್ಲಿ ಸ್ಟೀರಿಂಗ್ ನೇರ ಕಂಡರೆ ಸಾಕೆಂದು ಕೂರಿಸಿರುತ್ತಾರೆ, ಬಾಕ್ಸ್ ಮುಕ್ಕಾಲು ಸುತ್ತು ಪಕ್ಕದಲ್ಲಿರುತ್ತದೆ. ಆಗ ಹೊಸ ಬಾಕ್ಸೂ ಸಡಿಲವೇ. ಡ್ರ್ಯಾಗ್ ಲಿಂಕ್ ಬಿಚ್ಚಿ, ಒಂದು ಕೊನೆಯಿಂದ ಇನ್ನೊಂದು ಕೊನೆಗೆ ಎಷ್ಟು ಸುತ್ತು ಎಂದು ಎಣಿಸಿ, ಅರ್ಧಕ್ಕೆ ತನ್ನಿ. ಆಗ ಮೇಲಿನಿಂದ ನೋಡಿದರೆ ಪಿಟ್‌ಮನ್ ಆರ್ಮ್ ಡ್ರ್ಯಾಗ್ ಲಿಂಕಿಗೆ ಲಂಬವಾಗಿರಬೇಕು. ಗಾಲಿಗಳನ್ನು ನೇರ ಇಟ್ಟು, ಲಿಂಕಿನ ಉದ್ದ ಹೊಂದಿಸಿ ಸೇರಿಸಿ. ಸ್ಟೀರಿಂಗ್ ಓರೆ ನಿಂತರೆ ಅದನ್ನು ಬಿಚ್ಚಿ ನೇರ ಕೂರಿಸಿ. ಇಷ್ಟಾದ ಮೇಲೂ ನಡುವಿನಲ್ಲಿ ಆಟ ಇದ್ದರೆ ಮಾತ್ರ ಸ್ಕ್ರೂ ಮುಟ್ಟಿ. ಅದೂ ಲಿಂಕ್ ಬಿಚ್ಚಿ, ಬಾಕ್ಸ್ ನಡುವಿನಲ್ಲಿಟ್ಟು, ತುಸು ಬಿಗಿ ಸಿಕ್ಕಿದ ಕೂಡಲೇ ನಿಲ್ಲಿಸಿ.

ಅದೇ ಹೊತ್ತಿಗೆ ಕಾಲಮ್‌ನಿಂದ ಬಾಕ್ಸಿಗೆ ಬರುವ ಶಾಫ್ಟನ್ನೂ ನೋಡಿ. ಎರಡು ಯೂನಿವರ್ಸಲ್ ಜಾಯಿಂಟ್ ಇದ್ದರೆ ನಡುವಿನ ಶಾಫ್ಟಿನ ಎರಡು ಕವಲುಗಳೂ ಒಂದೇ ನೇರದಲ್ಲಿರಬೇಕು. ಎಂಜಿನ್ ಸುತ್ತಿ ಹೋಗಲು ಮೂರು ಜಾಯಿಂಟ್ ಹಾಕಿದ್ದರೆ ನಡುವೆ ಚಾಸಿಗೆ ಬಿಗಿದ ಆಧಾರ ಬೇರಿಂಗ್ ಇರಲೇಬೇಕು. ಬಾಕ್ಸ್ ಬಿಗಿದ ಜಾಗದಲ್ಲಿ ಚಾಸಿ ಉಬ್ಬಿ ತಗ್ಗುತ್ತಿದೆಯೇ ಎಂದು ಬೆರಳಿಟ್ಟು ಪರೀಕ್ಷಿಸಿ. ಮಾಡೆಲ್ ಎ ಚಾಸಿ ತೆಳುವಾದ ತೆರೆದ ಮಡಿಕೆ. ಅಲ್ಲಿ ಒಳಗಿನಿಂದ ತಗಡು ಮುಚ್ಚಿ ಪೆಟ್ಟಿಗೆ ಮಾಡಿ, ಬೋಲ್ಟಿಗೆ ಒಳಗೊಳವೆ ಕೊಟ್ಟಿರದಿದ್ದರೆ ಅದೂ ಒಂದು ಪ್ಲೇ.

ಇನ್ನೊಂದು ಸೂಕ್ಷ್ಮ. ಬೇರೆ ಬೇರೆ ಕಂಪನಿಯ ಭಾಗ ಸೇರಿಸಿದ್ದೀರಿ. ಟೈ ರಾಡ್ ತುದಿಯ ಶಂಕುವಿನಾಕಾರದ ಗೂಟ ಆರ್ಮಿನ ತೂತಿಗೆ ಸರಿಯಾಗಿ ಕೂರುತ್ತದೆಯೇ? ಗೂಟಕ್ಕೆ ಮಾರ್ಕರ್ ಪೆನ್ನಿನ ಮಸಿ ಬಳಿದು ತೂತಿನಲ್ಲಿಟ್ಟು ತಿರುಗಿಸಿ ತೆಗೆಯಿರಿ. ಮಸಿ ಉದ್ದಕ್ಕೂ ಸಮನಾಗಿ ಅಳಿಸಿದ್ದರೆ ಸರಿ. ಮೇಲೆ ಇಲ್ಲವೇ ಕೆಳಗೆ ಒಂದೇ ತುದಿಯಲ್ಲಿ ಉಂಗುರದಂತೆ ಮಾತ್ರ ಅಳಿಸಿದ್ದರೆ ಗೂಟ ಒಳಗೆ ಅಲ್ಲಾಡುತ್ತಿದೆ, ಒಂದಲ್ಲ ಒಂದು ದಿನ ತುಂಡಾಗುತ್ತದೆ. ಸರಿಯಾದ ರೀಮರ್ ಹಾಕಿಸಿ, ಇಲ್ಲವೇ ಸರಿಯಾದ ಭಾಗ ತನ್ನಿ.

ನಿಮ್ಮ ಮುಂದಿರುವ ದಾರಿಗಳನ್ನೂ ಹೇಳಿಬಿಡುತ್ತೇನೆ. ನನ್ನ ಆಯ್ಕೆ, ಈಗಿನ ವೇಗಾ ಬಾಕ್ಸನ್ನೇ ಇಟ್ಟುಕೊಂಡು ಪ್ಯಾನ್‌ಹಾರ್ಡ್ ಬಾರ್ ಹಾಕುವುದು. ಖರ್ಚು ಕಡಿಮೆ, ಒಂದು ವಾರಾಂತ್ಯದ ಕೆಲಸ. ಅಪಾಯ ಇರುವುದು ಬ್ರ್ಯಾಕೆಟ್ಟಿನ ಬೆಸುಗೆಯಲ್ಲಿ, ಆಕ್ಸಲ್ ಮೇಲೆ ಬೆಸುಗೆ ಬೇಡ, ಬೋಲ್ಟಿನಿಂದ ಹಿಡಿಯುವ ಬ್ರ್ಯಾಕೆಟ್ ಸಿಗುತ್ತದೆ. ಬಾರಿಗೆ ಜಾಗವೇ ಸಿಗದಿದ್ದರೆ ಒಂದು ಕಡೆಯ ಶ್ಯಾಕಲ್ ತೂಗದಂತೆ ಆ ತುದಿಯನ್ನು ಬಿಗಿಯಾಗಿ ಕಟ್ಟುವ ಪದ್ಧತಿಯೂ ಇದೆ, ಡೆಡ್ ಪರ್ಚ್ ಅನ್ನುತ್ತಾರೆ. ಹೊರಗೆ ಕಾಣುವುದಿಲ್ಲ, ತೂಗಾಟ ಬಹಳ ಕಡಿಮೆಯಾಗುತ್ತದೆ. ಆದರೆ ಆ ಕಡೆ ಸ್ಪ್ರಿಂಗ್ ಬಿಗಿಯಾಗಿ ಸವಾರಿ ಒರಟಾಗುತ್ತದೆ, ಬಾರಿನಷ್ಟು ಕರಾರುವಾಕ್ಕಾಗಿ ಲಿಂಕಿಗೆ ಹೊಂದುವುದಿಲ್ಲ.

ಹಳೇ ರೀತಿಯಲ್ಲೇ ಉದ್ದಕ್ಕೆ ಲಿಂಕ್ ಕೊಡುವುದು ಇನ್ನೊಂದು ದಾರಿ. 1948ರಿಂದ 52ರ ಫೋರ್ಡ್ ಎಫ್-1 ಪಿಕಪ್ಪಿನ ಬಾಕ್ಸ್ ಇದಕ್ಕೆ ಹೆಸರಾದದ್ದು. ನೋಟಕ್ಕೆ ಅದರಷ್ಟು ಚೆಂದ ಬೇರೆಯಿಲ್ಲ ಎಂದು ನನ್ನ ಭಾವನೆ. ಆದರೆ ಸಿಗುವ ಬಾಕ್ಸ್ ಎಪ್ಪತ್ತು ವರ್ಷ ಸವೆದದ್ದು, ಬಿಚ್ಚಿ ಹೊಸ ಬೇರಿಂಗ್ ಹಾಕಿಸಬೇಕು. ಲಿಂಕಿನ ಹಿಂದಿನ ತುದಿ ಹೇರ್‌ಪಿನ್ ಚಾಸಿಗೆ ಸೇರುವ ಜಾಗಕ್ಕೆ ಹತ್ತಿರ ಬರುವಂತೆ ಕೂರಿಸಬೇಕು. ಇಲ್ಲದಿದ್ದರೆ ಹೊಂಡದಲ್ಲಿ ಎಗರುವ ಚಾಳಿ ಬೇರೆ ರೂಪದಲ್ಲಿ ಮರಳಿ ಬರುತ್ತದೆ. ನಿಮ್ಮ ಎಂಜಿನ್ನಿನ ಹೊಗೆಕೊಳವೆ ಎಡಕ್ಕೆ ಬಾಗಿದ್ದರೆ ಜಾಗವೂ ಕಷ್ಟ.

ರ್‍ಯಾಕ್ ಅಂಡ್ ಪಿನಿಯನ್ ಹಾಕುವುದಾದರೆ ಒಂದು ಮಾತು ನೆನಪಿರಲಿ. ಈ ಗಟ್ಟಿ ಆಕ್ಸಲ್ ಇಟ್ಟುಕೊಂಡು ಚಾಸಿಯ ಮೇಲೆ ರ್‍ಯಾಕ್ ಕೂರಿಸಬಾರದು. ಆಕ್ಸಲ್ ಇಡಿಯಾಗಿ ಮೇಲೆ ಕೆಳಗೆ ಹೋಗುತ್ತದೆ, ರ್‍ಯಾಕ್ ಹೋಗುವುದಿಲ್ಲ, ಪ್ರತಿ ಕುಪ್ಪಳಿಕೆಗೂ ಎರಡೂ ಗಾಲಿ ತಿರುಗುತ್ತವೆ. ರ್‍ಯಾಕ್ ಸರಿಹೋಗುವುದು 1974ರಿಂದ 78ರ ಮಸ್ಟಾಂಗ್ 2 ಮಾದರಿಯ ಸ್ವತಂತ್ರ ಸಸ್ಪೆನ್ಷನ್ ಪೂರ್ತಿ ಹಾಕಿದಾಗ. ಓಡಿಸಲು ಸುಖ. ಅದಕ್ಕಾಗಿ ಎಂಜಿನ್ ಇಳಿಸಿ, ಚಾಸಿಯ ಮುಂಭಾಗ ಕತ್ತರಿಸಿ ಹೊಸ ಅಡ್ಡತೊಲೆ ಬೆಸೆಯಬೇಕು, ಒಂದು ಕಡೆ ಕಾಲಿಂಚು ತಪ್ಪಿದರೂ ಗಾಡಿ ಜೀವನವಿಡೀ ಒಂದು ಕಡೆ ಎಳೆಯುತ್ತದೆ. ಮಡ್‌ಗಾರ್ಡ್ ಇಲ್ಲದ ಮಾಡೆಲ್ ಎ ಗೆ ಆ ತೋಳುಗಳು ನೋಟಕ್ಕೂ ಒಪ್ಪುವುದಿಲ್ಲ. ನಾಲ್ಕು ಚಳಿಗಾಲ ಕೂತು ಆ ಇಳಿಸಿದ ಆಕ್ಸಲ್ ಹೊಂದಿಸಿದ ನಿಮಗೆ ಅದನ್ನು ಕಿತ್ತೆಸೆಯಲು ನಾನು ಹೇಳಲಾರೆ.

ಕೆಲಸ ಮುಗಿದ ಮೇಲೆ ಮತ್ತೊಬ್ಬರ ಕಣ್ಣಿಗೆ ತೋರಿಸಿ. ಅಮೆರಿಕದ ನ್ಯಾಷನಲ್ ಸ್ಟ್ರೀಟ್ ರಾಡ್ ಅಸೋಸಿಯೇಷನ್ ತನ್ನ ಕೂಟಗಳಲ್ಲಿ 23 ಅಂಶಗಳ ಸುರಕ್ಷತಾ ತಪಾಸಣೆ ನಡೆಸುತ್ತದೆ, ಅದರಲ್ಲಿ ಸ್ಟೀರಿಂಗೂ ಸೇರಿದೆ. ನಿಮ್ಮಿಂದ ಕೆಂಟಕಿಯ ಲೂಯಿವಿಲ್ ದೂರವಿಲ್ಲ, ಅವರ ದೊಡ್ಡ ಕೂಟ ಸೇರುವುದು ಅಲ್ಲೇ. ಸ್ವಂತ ಕೈಯಿಂದ ಕಟ್ಟಿದ ಗಾಡಿಯಲ್ಲಿ ನಮ್ಮ ಕಣ್ಣಿಗೆ ಕೆಲವು ತಪ್ಪು ಕಾಣುವುದೇ ಇಲ್ಲ. ನನ್ನ ಸ್ವಂತ ಗಾಡಿಯಲ್ಲಿ ನಟ್ಟು ಕಳಚದಂತೆ ತಡೆಯುವ ಕಾಟರ್ ಪಿನ್ ಹಾಕದೇ ಬಿಟ್ಟಿದ್ದನ್ನು ಹಿಡಿದದ್ದು ಅಂಥ ಒಬ್ಬ ಹಿರಿಯರು.

ಕ್ರಮ ಹೀಗಿರಲಿ. ಮೊದಲು ಪಿಟ್‌ಮನ್ ಆರ್ಮ್. ಆಮೇಲೆ ಕಿಂಗ್‌ಪಿನ್, ಬೇರಿಂಗ್, ಕೀಲುಗಳು. ಆಮೇಲೆ ಪ್ಯಾನ್‌ಹಾರ್ಡ್ ಬಾರ್, ಕ್ಯಾಸ್ಟರ್, ಬಾಕ್ಸಿನ ನಡು, ಕೊನೆಗೆ ಟೋ. ಕ್ಯಾಸ್ಟರ್ ಮುಟ್ಟಿದರೆ ಟೋ ಬದಲಾಗುತ್ತದೆ, ಅದಕ್ಕೇ ಅದು ಕೊನೆಗೆ. ಒಂದೊಂದು ಮುಗಿದಾಗಲೂ ಅಳತೆ ಬರೆದಿಡಿ. ಮೊದಲ ಓಟ ಖಾಲಿ ರಸ್ತೆಯಲ್ಲಿ 25ರಲ್ಲಿ, ಆಮೇಲೆ 35, ಆಮೇಲೆ 45. ಯಾವ ಹಂತದಲ್ಲಿ ನಡುಗಿದರೂ ಮುಂದಿನದಕ್ಕೆ ಹೋಗದೆ ಮನೆಗೆ ತನ್ನಿ. 50 ಮೈಲಿ ಓಡಿಸಿದ ಮೇಲೆ ಪ್ರತಿ ನಟ್ಟಿಗೂ ಸ್ಪ್ಯಾನರ್ ಇಟ್ಟು ನೋಡಿ, ಹೊಸ ಜೋಡಣೆ ಕೂತುಕೊಳ್ಳುವಾಗ ಸ್ವಲ್ಪ ಸಡಿಲವಾಗುತ್ತದೆ.

ಬಾರ್ ಹಾಕಿದ ದಿನ, ಮೊದಲು ಮಾಡಿದ ಆ ನಿಂತಲ್ಲೇ ಪರೀಕ್ಷೆಯನ್ನು ಮತ್ತೊಮ್ಮೆ ಮಾಡಿ. ಸ್ಟೀರಿಂಗ್ ಹಿಡಿಯಲು ಮನೆಯವರನ್ನೇ ಕರೆಯಿರಿ. ಗಾಡಿ ಎಲ್ಲೂ ಹೋಗುವುದಿಲ್ಲ, ಒಪ್ಪುತ್ತಾರೆ. ಮೊದಲು ಅವರು ಸ್ಟೀರಿಂಗ್ ಆಡಿಸಲಿ, ನೀವು ಕೆಳಗೆ ಮಲಗಿ ಸೀಮೆಸುಣ್ಣದ ಗೀಟು ನೋಡಿ. ಆಮೇಲೆ ನೀವು ಸ್ಟೀರಿಂಗ್ ಆಡಿಸಿ, ಅವರು ಮುಂದೆ ನಿಂತು ಬಗ್ಗಿ ನೋಡಲಿ. ಗೀಟು ಗೀಟಿನ ಮೇಲೇ ನಿಂತು, ಗಾಲಿ ಮಾತ್ರ ತಿರುಗುವುದು ಅವರ ಕಣ್ಣಿಗೂ ಕಾಣಲಿ.